ತಂತಿ ಹೋಯಿತು, ಕಾವಲೂ ಹೋಯಿತು

ತಂತಿ ಇದ್ದ ಕಾಲದಲ್ಲಿ ಹಾಡು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತಿದೆ ಎಂಬುದು ನೋಡುವವರ ಕಣ್ಣಿಗೆ ಕಾಣುತ್ತಿತ್ತು. ಒಂದು ತುದಿ ಜೇಬಿನಲ್ಲಿ, ಇನ್ನೊಂದು ಕಿವಿಯಲ್ಲಿ. ಈಗ ಕಡಲೆಕಾಯಿ ಗಾತ್ರದ ಎರಡು ತುಂಡುಗಳು ಕಿವಿಯೊಳಗೆ ಕುಳಿತಿರುತ್ತವೆ. ಫೋನು ಬ್ಯಾಗಿನಲ್ಲೋ ಮಂಚದ ಮೇಲೋ ಬಿದ್ದಿರುತ್ತದೆ. ನಡುವೆ ಬರೀ ಗಾಳಿ. ಹುಡುಗ ಪುಸ್ತಕ ಹಿಡಿದು ಓದುತ್ತಿದ್ದಾನೋ, ಹಾಡು ಕೇಳುತ್ತಿದ್ದಾನೋ, ಅಮ್ಮ ಕರೆದದ್ದು ಕೇಳಿಸಲಿಲ್ಲವೆಂಬುದು ನಿಜವೋ ನಟನೆಯೋ ಎಂದು ಹೇಳುವುದು ಬ್ರಹ್ಮನಿಗೂ ಕಷ್ಟ.

ನಾನು ಇಪ್ಪತ್ತೇಳು ವರ್ಷಗಳಿಂದ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿರುವ ಮೇಷ್ಟ್ರು. ಪೋಷಕರ ಸಭೆಯಲ್ಲಿ ಮೊದಲೆಲ್ಲ ಎರಡೇ ಪ್ರಶ್ನೆ ಬರುತ್ತಿದ್ದವು: ‘ನಮ್ಮ ಹುಡುಗ ಪಾಸಾಗ್ತಾನಾ?’ ಮತ್ತು ‘ಟ್ಯೂಷನ್ ಬೇಕಾ?’ 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಫೋನಿನ ಮೂಲಕ ನಡೆದಾಗ ಪ್ರತಿ ಮನೆಗೂ ಸ್ಮಾರ್ಟ್‌ಫೋನ್ ಬಂತು. ಅದರ ಹಿಂದೆಯೇ ಸಾವಿರ ರೂಪಾಯಿಯೊಳಗೆ ಸಿಗುವ ಇಯರ್‌ಬಡ್ ಬಂತು. ಅಂದಿನಿಂದ ಮೂರನೆಯ ಪ್ರಶ್ನೆಯೊಂದು ಸೇರಿಕೊಂಡಿದೆ. ಕಳೆದ ಸಭೆಯಲ್ಲಿ ಒಬ್ಬ ತಾಯಿ ಕೇಳಿದ ಮಾತನ್ನೇ ಹೇಳುತ್ತೇನೆ: “ಸಾರ್, ವೈರ್ ಇದ್ದಾಗ ಚಿಂತಿ ಇರಲಿಲ್ಲ. ಈಗ ಗಾಳಿಯಾಗೆ ಬರೋದು ನೇರ ಮಿದುಳಿಗೇ ಹೋಗ್ತೈತಂತಲ್ಲ, ಹೌದಾ? ಕಸ್ಕೊಂಡು ಬಿಡ್ಲಾ?”

ಪಕ್ಕದಲ್ಲಿದ್ದ ಆಕೆಯ ಯಜಮಾನರು, “ದುಡ್ಡು ಕೊಟ್ಟು ತಂದದ್ದು ಮಾರಾಯ್ತಿ” ಎಂದು ಗೊಣಗಿದರು. ಎಲ್ಲರೂ ನಕ್ಕರು. ಆದರೆ ಆ ತಾಯಿಯ ಮುಖದಲ್ಲಿ ನಗು ಇರಲಿಲ್ಲ. ಅವರ ಪ್ರಶ್ನೆಗೆ ಎರಡು ನಿಮಿಷದಲ್ಲಿ ಉತ್ತರ ಹೇಳಿ ಮುಗಿಸುವುದು ಸಾಧ್ಯವಿರಲಿಲ್ಲ. ಚುಟುಕಾಗಿ ಹೇಳಬೇಕೆಂದರೆ, ಗಾಳಿಯಲ್ಲಿ ಬರುವ ಅಲೆಯ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಆ ಅಲೆ ಕೊನೆಗೆ ಹುಟ್ಟಿಸುವ ಸದ್ದಿನ ಬಗ್ಗೆ ಭಯವಿದೆ. ಹಾಗೇಕೆ ಎಂಬುದನ್ನು ಇಲ್ಲಿ ನಿಧಾನವಾಗಿ ಬಿಡಿಸಿ ಹೇಳುತ್ತೇನೆ.

ಹಾಡು ಅಂಕಿಯಾಗುವ ಬಗೆ

ಫೋನಿನಲ್ಲಿರುವುದು ಹಾಡಲ್ಲ, ಅಂಕಿಗಳ ರಾಶಿ ಎಂದರೆ ಎಂಟನೇ ತರಗತಿಯ ಮಕ್ಕಳು ಮೊದಲು ನಂಬುವುದಿಲ್ಲ. ಸಿ.ಡಿ. ಗುಣಮಟ್ಟದ ಸಂಗೀತವೆಂದರೆ ಧ್ವನಿಯ ಏರಿಳಿತವನ್ನು ಸೆಕೆಂಡಿಗೆ 44,100 ಬಾರಿ ಅಳೆದು ಬರೆದಿಟ್ಟ ಲೆಕ್ಕ. ಒಂದೊಂದು ಅಳತೆಗೂ 16 ಬಿಟ್. ಎಡಕ್ಕೊಂದು, ಬಲಕ್ಕೊಂದು ಎಂದು ಎರಡು ಸಾಲು. ಗುಣಿಸಿ ನೋಡಿ: ಒಂದು ಸೆಕೆಂಡಿನ ಹಾಡಿಗೆ 14,11,200 ಬಿಟ್. ಬ್ಲೂಟೂತಿನ ಮೂಲ ವೇಗವೋ ಸೆಕೆಂಡಿಗೆ 10 ಲಕ್ಷ ಬಿಟ್. ಹದಿನಾಲ್ಕು ಲಕ್ಷದ ಮೂಟೆಯನ್ನು ಹತ್ತು ಲಕ್ಷದ ಗಾಡಿಗೆ ಹೇರುವುದು ಹೇಗೆ?

ಹಾಡನ್ನು ಹಿಂಡಿ ಚಿಕ್ಕದು ಮಾಡಬೇಕು. ಈ ಹಿಂಡುವ ಕೆಲಸದಲ್ಲಿ ನಮ್ಮ ಕಿವಿಯ ದೌರ್ಬಲ್ಯವೇ ಎಂಜಿನಿಯರುಗಳಿಗೆ ನೆರವಾಯಿತು. ಜಾತ್ರೆಯಲ್ಲಿ ಡೊಳ್ಳು ಬಾರಿಸುವಾಗ ಪಕ್ಕದವರ ಬಳೆಯ ಸದ್ದು ಕೇಳಿಸುವುದಿಲ್ಲ. ಬಳೆ ಸದ್ದು ಮಾಡುತ್ತಲೇ ಇರುತ್ತದೆ. ಡೊಳ್ಳು ಅದನ್ನು ಮುಚ್ಚಿಬಿಡುತ್ತದೆ. ಹೇಗೂ ಕೇಳಿಸದ ಬಳೆಯ ಸದ್ದನ್ನು ಪೂರ್ತಿ ನಿಖರವಾಗಿ ಬರೆದಿಡುವ ಅಗತ್ಯವೇನು? ಹಾಡನ್ನು ದಪ್ಪ ದನಿ, ಸಣ್ಣ ದನಿ ಎಂದು ಹಲವು ಪಟ್ಟಿಗಳಾಗಿ ಸೀಳಿ, ಯಾವ ಪಟ್ಟಿಯಲ್ಲಿ ಸದ್ದು ಹೆಚ್ಚಿದೆಯೋ ಅದಕ್ಕೆ ಹೆಚ್ಚು ಬಿಟ್, ಉಳಿದದ್ದಕ್ಕೆ ಕಡಿಮೆ ಬಿಟ್ ಹಂಚುತ್ತಾರೆ. ಸ್ಟೀರಿಯೊ ಬ್ಲೂಟೂತ್ ಸಾಧನಗಳಿಗೆಲ್ಲ ಸಾಮಾನ್ಯವಾದ ‘ಎಸ್‌ಬಿಸಿ’ ಎಂಬ ವಿಧಾನ ಹೀಗೆ ಹದಿನಾಲ್ಕು ಲಕ್ಷವನ್ನು ಸುಮಾರು ಮೂರೂಕಾಲು ಲಕ್ಷಕ್ಕೆ ಇಳಿಸುತ್ತದೆ. ಫೋನು ಹಿಂಡುತ್ತದೆ, ಹೆಡ್‌ಸೆಟ್ಟಿನೊಳಗಿನ ಪುಟ್ಟ ಚಿಪ್ ಬಿಡಿಸುತ್ತದೆ.

ಇಲ್ಲೊಂದು ಉಪಯುಕ್ತ ಮಾತು ಹೇಳಿಬಿಡಬೇಕು. ಬ್ಲೂಟೂತಿನಲ್ಲಿ ಮಾತಿಗೊಂದು ದಾರಿ, ಸಂಗೀತಕ್ಕೊಂದು ದಾರಿ ಬೇರೆ ಬೇರೆ ಇವೆ. ಸಂಗೀತದ ದಾರಿಗೆ ‘ಎಟುಡಿಪಿ’ ಎಂದು ಹೆಸರು. ಅದರಲ್ಲಿ ಎರಡು ಸಾಲಿನ ಸ್ಟೀರಿಯೊ ಧ್ವನಿ ಫೋನಿನಿಂದ ಕಿವಿಯ ಕಡೆಗೆ ಮಾತ್ರ ಹರಿಯುತ್ತದೆ. ಮಾತಿನ ದಾರಿಯಲ್ಲಿ ಎರಡೂ ಕಡೆಗೆ ಹರಿವು ಇರುತ್ತದೆ; ಆದರೆ ಒಂದೇ ಸಾಲು, ಗುಣಮಟ್ಟವೂ ಕಡಿಮೆ. ಹಿಂದೆ ಒಂದೇ ಕಿವಿಗೆ ಸಿಕ್ಕಿಸುವ ಹೆಡ್‌ಸೆಟ್‌ಗಳಲ್ಲಿ ಕರೆ ಬರುತ್ತಿತ್ತು, ಹಾಡು ಬರುತ್ತಿರಲಿಲ್ಲವೆಂದರೆ ಅವುಗಳಲ್ಲಿ ಈ ಎರಡನೆಯ ದಾರಿ ಮಾತ್ರ ಇದ್ದದ್ದೇ ಕಾರಣ. ಆನ್‌ಲೈನ್ ಪಾಠದಲ್ಲಿ ಮೈಕ್ ಚಾಲೂ ಆದ ಕೂಡಲೇ ಧ್ವನಿ ತಗಡಿನ ಡಬ್ಬಿಯೊಳಗಿಂದ ಬಂದಂತೆ ಆಗುತ್ತಿತ್ತಲ್ಲ, ಅದಕ್ಕೂ ಇದೇ ಕಾರಣ. ಹೆಡ್‌ಸೆಟ್ ಕೆಟ್ಟಿತೆಂದು ಎಷ್ಟೋ ಮಂದಿ ಅಂಗಡಿಗೆ ಒಯ್ದು ಜಗಳವಾಡಿದ್ದುಂಟು!

ಕುಂಟೆಬಿಲ್ಲೆ ಆಡುವ ಅಲೆ

ಹಿಂಡಿದ ಹಾಡು ಹೊರಡುವುದು ರೇಡಿಯೊ ಅಲೆಯ ಮೇಲೆ. ಅದರ ಆವೃತ್ತಿ ಸೆಕೆಂಡಿಗೆ ಸುಮಾರು 240 ಕೋಟಿ. ತರಂಗದೂರ ಸುಮಾರು ಹನ್ನೆರಡೂವರೆ ಸೆಂಟಿಮೀಟರ್, ಅಂದರೆ ಒಂದು ಗೇಣಿಗೂ ಕಡಿಮೆ. ಮನೆಯ ವೈಫೈ ಕೂಡ ಸಾಮಾನ್ಯವಾಗಿ ಇದೇ ಬೀದಿಯಲ್ಲಿ ಓಡಾಡುತ್ತದೆ. ಮೈಕ್ರೊವೇವ್ ಒಲೆಯೂ ಇದೇ ಬೀದಿಯದು. ಇಷ್ಟು ಸಂತೆಯಲ್ಲಿ ನಮ್ಮ ಹಾಡು ಕಳೆದುಹೋಗದಿರಲು ಏನು ಉಪಾಯ?

ಬ್ಲೂಟೂತ್ ಈ ಬೀದಿಯನ್ನು 79 ಓಣಿಗಳಾಗಿ ವಿಂಗಡಿಸಿಕೊಂಡಿದೆ. ಫೋನು ಮತ್ತು ಹೆಡ್‌ಸೆಟ್ ಸೆಕೆಂಡಿಗೆ 1,600 ಸಲ ಓಣಿ ಬದಲಾಯಿಸುತ್ತಾ ಹೋಗುತ್ತವೆ. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಕುಂಟೆಬಿಲ್ಲೆ ಆಡುವಾಗ ಮನೆಯಿಂದ ಮನೆಗೆ ಜಿಗಿಯುತ್ತಾರಲ್ಲ, ಹಾಗೆ. ಯಾವ ಓಣಿಯ ನಂತರ ಯಾವುದು ಎಂಬ ಕ್ರಮ ಇಬ್ಬರಿಗೂ ಗೊತ್ತಿರುತ್ತದೆ. ಯಾವುದಾದರೂ ಓಣಿಯಲ್ಲಿ ಗದ್ದಲವಿದ್ದರೆ ಅದನ್ನು ಬಿಟ್ಟು ಜಿಗಿಯುವ ಜಾಣತನವೂ ಇದೆ. ಹೊಸ ಹೆಡ್‌ಸೆಟ್ ತಂದಾಗ ‘ಪೇರ್’ ಮಾಡುತ್ತೇವಲ್ಲ, ಆಗ ಎರಡೂ ಸಾಧನಗಳು ತಮ್ಮಿಬ್ಬರಿಗೆ ಮಾತ್ರ ತಿಳಿದ ಗುಟ್ಟಿನ ಕೀಲಿಯೊಂದನ್ನು ಮಾಡಿಕೊಂಡು ಪರಸ್ಪರ ಗುರುತು ಹಿಡಿದುಕೊಳ್ಳುತ್ತವೆ. ಅದಕ್ಕೇ ಒಂದೇ ಬಸ್ಸಿನಲ್ಲಿ ಇಪ್ಪತ್ತು ಮಂದಿ ಇಪ್ಪತ್ತು ಹಾಡು ಕೇಳಿದರೂ ಒಬ್ಬರದು ಇನ್ನೊಬ್ಬರ ಕಿವಿಗೆ ಹೋಗುವುದಿಲ್ಲ.

ಓಣಿ ಬದಲಿಸುವ ಈ ಉಪಾಯಕ್ಕೆ ಸ್ವಾರಸ್ಯದ ಪೂರ್ವಕಥೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಸೇರಿ, ನೀರೊಳಗೆ ಚಲಿಸುವ ಟಾರ್ಪಿಡೊಗಳನ್ನು ಶತ್ರುವಿಗೆ ಸುಳಿವು ಸಿಗದಂತೆ ರೇಡಿಯೊದಿಂದ ನಿಯಂತ್ರಿಸಲು ಇಂಥದೇ ವಿಧಾನ ಸೂಚಿಸಿದರು. 1942ರಲ್ಲಿ ಅಮೆರಿಕದಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಅವರ ಯೋಜನೆಯಲ್ಲಿದ್ದ ಆವೃತ್ತಿಗಳು 88. ಪಿಯಾನೊದ ಮನೆಗಳೂ 88! ಯುದ್ಧದಲ್ಲಿ ನೌಕಾಪಡೆ ಅದನ್ನು ಬಳಸಲಿಲ್ಲ. ಬ್ಲೂಟೂತ್ ಅದರಿಂದಲೇ ನೇರವಾಗಿ ಹುಟ್ಟಿತೆನ್ನಲಾಗದು, ಆದರೆ ವಿಚಾರ ಅದೇ. ಬ್ಲೂಟೂತಿನ ಕೆಲಸ ಶುರುವಾದದ್ದು 1994ರಲ್ಲಿ, ಸ್ವೀಡನ್ನಿನ ಎರಿಕ್‌ಸನ್ ಕಂಪನಿಯಲ್ಲಿ. ಡಚ್ ಎಂಜಿನಿಯರ್ ಯಾಪ್ ಹಾರ್ಟ್‌ಸನ್ ಅದರ ಮುಖ್ಯ ಶಿಲ್ಪಿ. 1998ರಲ್ಲಿ ಐದು ಕಂಪನಿಗಳು ಕೂಡಿ ಅದಕ್ಕೊಂದು ಸಂಘ ಕಟ್ಟಿದವು. ಹೆಸರು ಮಾತ್ರ ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹರಾಲ್ಡನದು. ಅವನ ಅಡ್ಡಹೆಸರಿನ ಅರ್ಥ ‘ನೀಲಿ ಹಲ್ಲು’. ಚದುರಿದ್ದ ಜನರನ್ನು ಒಂದುಗೂಡಿಸಿದ ದೊರೆಯ ಹೆಸರು ಚದುರಿದ್ದ ಯಂತ್ರಗಳನ್ನು ಒಂದುಗೂಡಿಸುವ ತಂತ್ರಕ್ಕೆ ಒಪ್ಪಿತು.

ಎರಡು ಕಿವಿ ಯಾಕೆ?

ಸ್ಟೀರಿಯೊ ಎಂದರೇನೆಂದು ತೋರಿಸಲು ನಾನು ತರಗತಿಯಲ್ಲಿ ಹತ್ತು ರೂಪಾಯಿಯ ಪ್ರಯೋಗ ಮಾಡುತ್ತೇನೆ. ನೀವೂ ಮನೆಯಲ್ಲಿ ಮಾಡಬಹುದು. ಒಂದು ಮೀಟರ್ ಉದ್ದದ ಪ್ಲಾಸ್ಟಿಕ್ ಕೊಳವೆ ತೆಗೆದುಕೊಳ್ಳಿ. ಒಬ್ಬರು ಅದರ ಎರಡು ತುದಿಗಳನ್ನು ಎರಡು ಕಿವಿಗಳ ಬಾಯಿಗೆ ಹಿಡಿದು ಕಣ್ಣು ಮುಚ್ಚಿ ಕೂರಲಿ. ಕೊಳವೆ ಬೆನ್ನ ಹಿಂದೆ ಇರಲಿ. ಇನ್ನೊಬ್ಬರು ಪೆನ್ಸಿಲಿನಿಂದ ಕೊಳವೆಯ ಸರಿ ಮಧ್ಯೆ ಮೆಲ್ಲಗೆ ತಟ್ಟಲಿ. ಸದ್ದು ನಡುವಿನಿಂದ ಬಂತೆನ್ನಿಸುತ್ತದೆ. ಮಧ್ಯದಿಂದ ಐದು ಸೆಂಟಿಮೀಟರ್ ಬಲಕ್ಕೆ ತಟ್ಟಿದರೆ ಕೂತವರು ತಕ್ಷಣ ‘ಬಲ’ ಎನ್ನುತ್ತಾರೆ. ಆಗ ಎಡಗಿವಿಗೆ ಹೋಗುವ ಸದ್ದು ಹತ್ತು ಸೆಂಟಿಮೀಟರ್ ಹೆಚ್ಚು ದೂರ ಸಾಗಬೇಕು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಎಂದಿಟ್ಟುಕೊಂಡರೆ ವ್ಯತ್ಯಾಸ ಸೆಕೆಂಡಿನ ಹತ್ತು ಸಾವಿರದ ಮೂರು ಭಾಗ. ಅಷ್ಟು ಸೂಕ್ಷ್ಮ ವ್ಯತ್ಯಾಸವನ್ನು ನಮ್ಮ ಮಿದುಳು ಹಿಡಿದು ದಿಕ್ಕು ಹೇಳುತ್ತದೆ! ಇಂಥ ಒಂದು ವಾಚು ಕೊಳ್ಳಬೇಕಾದರೆ ಎಷ್ಟು ಹಣ ಬೇಕು, ಯೋಚಿಸಿ.

ಬಲಗಡೆ ಮೃದಂಗ, ಎಡಗಡೆ ಪಿಟೀಲು ಎಂದು ಹೆಡ್‌ಸೆಟ್ಟಿನಲ್ಲಿ ನಮಗೆ ಅನ್ನಿಸುವುದಕ್ಕೆ ಎಡಬಲಗಳ ಇಂಥ ವ್ಯತ್ಯಾಸಗಳೇ ಆಧಾರ. ಒಂದಕ್ಕೊಂದು ತಂತಿಯ ನಂಟಿಲ್ಲದ ಎರಡು ಇಯರ್‌ಬಡ್‌ಗಳು ತಾಳ ತಪ್ಪದೆ ಒಟ್ಟಿಗೇ ನುಡಿಯುವುದು ಸಾಮಾನ್ಯ ಸಾಧನೆಯಲ್ಲ. ಹೀಗೆ ಹೇಳುವಾಗ ಮಕ್ಕಳ ಕಣ್ಣು ಅರಳುತ್ತವೆ. ಯಂತ್ರದ ಬಗ್ಗೆ ಇರುವ ಆ ಬೆರಗು ಅದನ್ನು ಸ್ವೀಕರಿಸುವ ಕಿವಿಯ ಬಗ್ಗೆಯೂ ಹುಟ್ಟಲಿ ಎಂಬುದೇ ನನ್ನ ಆಸೆ.

ಅಲೆಯ ಭಯ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಹೆಡ್‌ಸೆಟ್ ಮತ್ತು ಫೋನಿನ ನಡುವೆ ಓಡಾಡುವ ಅಲೆ ಮಿದುಳಿಗೆ ಕೇಡು ಮಾಡುತ್ತದೆಯೇ?

ಹತ್ತು ಮೀಟರ್ ದೂರಕ್ಕೆಂದು ರೂಪಿಸಿದ ಬ್ಲೂಟೂತ್ ಸಾಧನ ಹೊರಸೂಸಬಹುದಾದ ಗರಿಷ್ಠ ಶಕ್ತಿ ಎರಡೂವರೆ ಮಿಲಿವಾಟ್. ನಡುಹಗಲಿನ ಬಿಸಿಲಿಗೆ ಅಂಗೈ ಒಡ್ಡಿದರೆ ಅದರ ಮೇಲೆ ಬೀಳುವ ಶಕ್ತಿ ಸುಮಾರು ಹತ್ತು ವಾಟ್, ಅಂದರೆ ನಾಲ್ಕು ಸಾವಿರ ಪಟ್ಟು ಹೆಚ್ಚು. ಅದೂ ಅಲ್ಲದೆ ಬೆಳಕಿನ ಒಂದೊಂದು ಕಣದ ಶಕ್ತಿ ಈ ರೇಡಿಯೊ ಅಲೆಯ ಕಣಕ್ಕಿಂತ ಎರಡು ಲಕ್ಷ ಪಟ್ಟಿಗೂ ಹೆಚ್ಚು. ಎಕ್ಸ್‌ರೇಯಂತೆ ಜೀವಕೋಶದ ಅಣುಗಳನ್ನು ಒಡೆಯುವ ತ್ರಾಣ ರೇಡಿಯೊ ಅಲೆಗಿಲ್ಲ. ಬಹಳ ಹೆಚ್ಚಾದರೆ ಅದು ಬಿಸಿ ಮಾಡಬಲ್ಲದು. ಮೈಕ್ರೊವೇವ್ ಒಲೆ ಅನ್ನ ಬಿಸಿ ಮಾಡುವುದು ಹಾಗೆಯೇ. ಆದರೆ ಅದಕ್ಕೆ ಬೇಕಾಗುವುದು ಏಳೆಂಟುನೂರು ವಾಟ್, ಮಿಲಿವಾಟ್ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೊ ಅಲೆಗಳನ್ನು ‘ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆ ಇದೆ’ ಎಂಬ ಪಟ್ಟಿಗೆ ಸೇರಿಸಿದ್ದು ನಿಜ. ಪುರಾವೆ ಸೀಮಿತವಾಗಿದೆ, ಇನ್ನಷ್ಟು ಪರಿಶೀಲನೆ ಬೇಕು ಎಂಬುದು ಅದರ ತಾತ್ಪರ್ಯ. ಆ ತೀರ್ಮಾನಕ್ಕೆ ಆಧಾರವಾಗಿದ್ದದ್ದು ಮುಖ್ಯವಾಗಿ ಕಿವಿಗೊತ್ತಿ ಹಿಡಿದು ಮಾತಾಡುವ ಮೊಬೈಲ್ ಫೋನು. ಗೋಪುರ ದೂರವಿದ್ದಾಗ 4ಜಿ ಫೋನು ಸುಮಾರು 200 ಮಿಲಿವಾಟ್‌ವರೆಗೆ ಹೊರಸೂಸಬಹುದು. ಎರಡೂವರೆ ಎಲ್ಲಿ, ಇನ್ನೂರು ಎಲ್ಲಿ? ಅಲೆಗೆ ಹೆದರುವವರು ಫೋನನ್ನು ಮೇಜಿನ ಮೇಲಿಟ್ಟು ಹೆಡ್‌ಸೆಟ್ಟಿನಲ್ಲಿ ಮಾತಾಡುವುದೇ ಮೇಲು. ಆದ್ದರಿಂದ ಆ ತಾಯಿಗೆ ನಾನು ಹೇಳಿದ್ದು: “ಅಮ್ಮಾ, ಅಲೆಗೆ ಅಷ್ಟು ಹೆದರಬೇಡಿ. ಹುಡುಗ ಎಷ್ಟು ಜೋರಾಗಿ ಕೇಳ್ತಾನೆ ಅಂತ ನಿಮಗೆ ಗೊತ್ತಾ?” ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಹೊರಗೆ ಕೇಳ್ಸೋದೇ ಇಲ್ಲಲ್ಲ ಸಾರ್” ಎಂದರು.

ಇಡೀ ವಿಷಯ ಆ ಒಂದು ಮಾತಿನಲ್ಲಿದೆ.

ಗಿರಣಿಯ ಕಿವಿ

ನಮ್ಮ ತಂದೆ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ನೇಯ್ಗೆಯ ಕೆಲಸಗಾರರಾಗಿದ್ದರು. ಆ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಅದು. ನೂರಾರು ಮಗ್ಗಗಳು ಒಂದೇ ಮಾಡಿನ ಕೆಳಗೆ ಬಡಿದುಕೊಳ್ಳುವಾಗ ಪಕ್ಕದವನ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳುತ್ತಿರಲಿಲ್ಲವಂತೆ. ತುಟಿಯ ಚಲನೆ ನೋಡಿ, ಕೈಸನ್ನೆ ನೋಡಿ ಮಾತು ತಿಳಿಯುತ್ತಿದ್ದರು. ಕಿವಿಗೆ ತುರುಕಿಕೊಳ್ಳಲು ಅವರಿಗೆ ಯಾರೂ ಏನೂ ಕೊಟ್ಟಿರಲಿಲ್ಲ. ನಿವೃತ್ತಿಯ ಹೊತ್ತಿಗೆ ಅವರ ಕಿವಿ ವಿಚಿತ್ರ ರೀತಿಯಲ್ಲಿ ಮಂದವಾಗಿತ್ತು. ಲಾರಿಯ ಸದ್ದು ಕೇಳುತ್ತಿತ್ತು, ಗುಡುಗು ಕೇಳುತ್ತಿತ್ತು. ಮೊಮ್ಮಗಳ ಗೆಜ್ಜೆ ಕೇಳುತ್ತಿರಲಿಲ್ಲ. ‘ಸ’, ‘ಶ’, ‘ಚ’ದಂಥ ಅಕ್ಷರಗಳು ಅವರ ಪಾಲಿಗೆ ಅಳಿಸಿಹೋಗಿದ್ದವು. ಹಬ್ಬದೂಟದಲ್ಲಿ ಅವರೇ ಬಡಿಸಲು ನಿಂತರೆ, ನೆಂಟರು ‘ಸಾಕು, ಸಾಕು’ ಎಂದದ್ದು ಅವರಿಗೆ ‘ಹಾಕು, ಹಾಕು’ ಎಂದು ಕೇಳಿ ಇನ್ನೆರಡು ಹೋಳಿಗೆ ಬೀಳುತ್ತಿತ್ತು. ಎಲ್ಲರೂ ನಗುತ್ತಿದ್ದರು, ಅವರೂ ನಗುತ್ತಿದ್ದರು. ಕಾಲಕ್ರಮದಲ್ಲಿ ಅವರು ಬಡಿಸಲು ನಿಲ್ಲುವುದನ್ನು ಬಿಟ್ಟರು. ಆಮೇಲೆ ಮಾತಿಗೆ ಕೂರುವುದನ್ನೂ ಬಿಟ್ಟರು. ಕಿವುಡು ಮೊದಲು ಕಿತ್ತುಕೊಳ್ಳುವುದು ಸದ್ದನ್ನು, ಆಮೇಲೆ ಜನರನ್ನು ಎಂಬುದನ್ನು ನಾನು ಕಂಡದ್ದು ಪುಸ್ತಕದಲ್ಲಲ್ಲ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಅಂಗವಿದೆ. ಅದರೊಳಗೆ ಸುಮಾರು 15,000 ರೋಮಕೋಶಗಳು ಸಾಲಾಗಿ ನಿಂತಿವೆ. ಧ್ವನಿಯ ಅಲೆ ಬಂದಾಗ ಗಾಳಿಗೆ ತೂಗುವ ರಾಗಿಯ ಪೈರಿನಂತೆ ಅವುಗಳ ತುದಿಯ ರೋಮಗಳು ತೂಗಿ ನರಕ್ಕೆ ಸುದ್ದಿ ಕಳಿಸುತ್ತವೆ. ಮೆಲುಗಾಳಿಗೆ ತೂಗಿದ ಪೈರು ಮತ್ತೆ ಏಳುತ್ತದೆ. ಬಿರುಗಾಳಿಗೆ ಮಲಗಿದ ಪೈರು ಏಳುವುದಿಲ್ಲ. ಕೋಳಿಮರಿಯ ಕಿವಿಯಲ್ಲಿ ಸತ್ತ ರೋಮಕೋಶದ ಜಾಗದಲ್ಲಿ ಹೊಸದು ಹುಟ್ಟುತ್ತದೆಂದು 1980ರ ದಶಕದಲ್ಲಿ ಪತ್ತೆಯಾಯಿತು. ಮನುಷ್ಯನಿಗೆ ಆ ಭಾಗ್ಯವಿಲ್ಲ. ಹುಟ್ಟುವಾಗ ತಂದಷ್ಟೇ ಬಂಡವಾಳ, ಖರ್ಚಾದದ್ದು ಖರ್ಚಾಯಿತು.

ಎಷ್ಟು ಸದ್ದು, ಎಷ್ಟು ಹೊತ್ತು ಎಂಬುದಕ್ಕೆ ಲೆಕ್ಕವಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ಹೊರಡಿಸಿದ ಮಾನದಂಡದ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ; ಮಕ್ಕಳಿಗಾದರೆ 75 ಡೆಸಿಬೆಲ್. ಮೂರು ಡೆಸಿಬೆಲ್ ಏರಿದರೆ ಧ್ವನಿಶಕ್ತಿ ಇಮ್ಮಡಿಯಾಗುತ್ತದೆ, ಆದ್ದರಿಂದ ಸಮಯ ಅರ್ಧವಾಗಬೇಕು. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಹೀಗೇ ಇಳಿಯುತ್ತಾ ಹೋದರೆ 90 ಡೆಸಿಬೆಲ್‌ಗೆ ವಾರಕ್ಕೆ 4 ಗಂಟೆ. 100 ಡೆಸಿಬೆಲ್‌ಗೆ ವಾರಕ್ಕೆ 24 ನಿಮಿಷ, ಐದಾರು ಹಾಡು. ಪೂರ್ತಿ ಏರಿಸಿದಾಗ ಅನೇಕ ಹೆಡ್‌ಸೆಟ್‌ಗಳು 100ರ ಆಸುಪಾಸು ಮುಟ್ಟಬಲ್ಲವು. ನೇಯ್ಗೆಯ ಮಗ್ಗಗಳ ನಡುವೆ ಇರುತ್ತಿದ್ದ ಸದ್ದೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ತಂದೆ ಹೊಟ್ಟೆಪಾಡಿಗಾಗಿ ಹೋಗಿ ನಿಲ್ಲುತ್ತಿದ್ದ ಸದ್ದಿನಲ್ಲಿ ನಮ್ಮ ಮಕ್ಕಳು ಹಣ ಕೊಟ್ಟು ನಿಲ್ಲುತ್ತಿದ್ದಾರೆ.

ಜೀರುಂಡೆ ಕೂಗಿದ ಹುಡುಗ

ಒಂಬತ್ತನೇ ತರಗತಿಯ ಹುಡುಗನೊಬ್ಬ ಹೋದ ವರ್ಷ ನನ್ನ ಬಳಿ ಬಂದ. “ಸಾರ್, ನಿನ್ನೆಯಿಂದ ಕಿವಿಯಾಗೆ ಜೀರುಂಡೆ ಕೂಗಿದಂಗೆ ಆಗ್ತೈತಿ” ಎಂದ. ವಿಚಾರಿಸಿದೆ. ಮನೆಯವರೊಂದಿಗೆ ಧರ್ಮಸ್ಥಳಕ್ಕೆ ಹೋಗಿಬರುವಾಗ ರಾತ್ರಿಯಿಡೀ ಬಸ್ಸಿನಲ್ಲಿ ಹಾಡು ಕೇಳಿದ್ದನಂತೆ. ಬಸ್ಸಿನ ಸದ್ದು ಅಡ್ಡ ಬರುತ್ತದೆಂದು ಧ್ವನಿಯನ್ನು ತುದಿಗೇರಿಸಿದ್ದ. ನಿದ್ದೆ ಬಂದ ಮೇಲೂ ಅದು ಕಿವಿಯಲ್ಲಿ ಹಾಡುತ್ತಲೇ ಇತ್ತು. ಪಕ್ಕದ ಸೀಟಿನಲ್ಲೇ ತಾಯಿ ಇದ್ದರು. ಅವರಿಗೆ ಒಂದು ಸ್ವರವೂ ಕೇಳಿಸಿರಲಿಲ್ಲ.

ಮನೆಯವರಿಗೆ ಹೇಳಿ ಕಿವಿಯ ವೈದ್ಯರಿಗೆ ತೋರಿಸುವಂತೆ ಮಾಡಿದೆ. ನಾಲ್ಕು ದಿನಕ್ಕೆ ಜೀರುಂಡೆ ನಿಂತಿತು. ಕೇಳುವ ಶಕ್ತಿಯ ಪರೀಕ್ಷೆಯೂ ಸರಿಯಾಗಿಯೇ ಬಂತು. ಹುಡುಗ ಹಲ್ಲು ಕಿರಿದು, “ಏನೂ ಆಗಿಲ್ಲಂತೆ ಸಾರ್” ಎಂದ. ನನಗೆ ಅವನಷ್ಟು ಸಮಾಧಾನವಾಗಲಿಲ್ಲ. ಅಮೆರಿಕದ ವಿಜ್ಞಾನಿಗಳಾದ ಶರೋನ್ ಕುಜಾವ ಮತ್ತು ಚಾರ್ಲ್ಸ್ ಲಿಬರ್‌ಮನ್ 2009ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ನಾನು ಓದಿದ್ದೆ. ಜೋರು ಸದ್ದಿಗೆ ಒಡ್ಡಿದ ಇಲಿಗಳ ಕಿವಿ ಕೆಲವು ದಿನಗಳಲ್ಲಿ ಸರಿಹೋಯಿತು. ಪರೀಕ್ಷೆಯಲ್ಲಿ ಮೊದಲಿನಂತೆಯೇ ಕಂಡಿತು. ಆದರೆ ಒಳಗೆ ರೋಮಕೋಶ ಮತ್ತು ನರದ ನಡುವಿನ ಬೆಸುಗೆಗಳಲ್ಲಿ ಬಹಳಷ್ಟು ಶಾಶ್ವತವಾಗಿ ಕಳಚಿಹೋಗಿದ್ದವು. ಇಲಿಗೆ ಆದದ್ದೆಲ್ಲ ಮನುಷ್ಯನಿಗೂ ಹಾಗೇ ಆಗುತ್ತದೆಂದು ಹೇಳಲಾಗದು. ಆದರೂ ಕಿವಿ ಒಮ್ಮೆ ಗುಂಯ್‌ಗುಟ್ಟಿತೆಂದರೆ ಅದು ಎಚ್ಚರಿಕೆಯ ಗಂಟೆ. ಗಂಟೆ ನಿಂತಿತೆಂದು ಬೆಂಕಿ ಆರಿತೆಂದು ತಿಳಿಯಬಾರದು.

ಕಾವಲು ಎಲ್ಲಿ ಹೋಯಿತು?

1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಆ ‘ಆಕಾಶವಾಣಿ’ಯ ಕಾಲದಿಂದ ನನ್ನ ಬಾಲ್ಯದವರೆಗೂ ತಂತಿಯಿಲ್ಲದೆ ಬಂದ ಹಾಡು ಇಡೀ ಮನೆಗೆ, ಕೆಲವೊಮ್ಮೆ ಇಡೀ ಓಣಿಗೆ ಸೇರಿದ್ದಾಗಿತ್ತು. ಜೋರಾದರೆ ಅಡುಗೆಮನೆಯಿಂದ ಅವ್ವ ‘ಸಣ್ಣಗೆ ಮಾಡೋ’ ಎನ್ನುತ್ತಿದ್ದಳು. ಪಕ್ಕದ ಮನೆಯ ಅಜ್ಜ ಗೋಡೆ ತಟ್ಟುತ್ತಿದ್ದ. ನಮ್ಮ ಕಿವಿಗೆ ಹತ್ತು ಜನ ಕಾವಲುಗಾರರಿದ್ದರು. ಆ ಗದರಿಕೆ ನಮಗೆ ಕಿರಿಕಿರಿಯಾಗಿತ್ತು. ಅದೇ ನಮ್ಮ ರೋಮಕೋಶಗಳನ್ನು ಕಾಯುತ್ತಿತ್ತು.

ತಂತಿಯ ಇಯರ್‌ಫೋನ್ ಬಂದಾಗ ಸದ್ದು ಮನೆಯಿಂದ ಮರೆಯಾಯಿತು. ಆದರೂ ತಂತಿ ಒಂದಿಷ್ಟು ಕಾವಲು ಕಾಯುತ್ತಿತ್ತು. ಅದು ಸಿಕ್ಕುಬೀಳುತ್ತಿತ್ತು, ಎಳೆದರೆ ಕಳಚುತ್ತಿತ್ತು, ಮಲಗಿ ಹೊರಳಿದರೆ ಕಿತ್ತುಬರುತ್ತಿತ್ತು. 2016ರಲ್ಲಿ ಆಪಲ್ ತನ್ನ ಐಫೋನ್ 7ರಲ್ಲಿ ತಂತಿ ಸಿಕ್ಕಿಸುವ ತೂತನ್ನೇ ಮುಚ್ಚಿತು. ಮುಂದೆ ಬೇರೆ ಹಲವು ಕಂಪನಿಗಳೂ ಅದೇ ದಾರಿ ಹಿಡಿದವು. ಈಗಿನ ಇಯರ್‌ಬಡ್ ಕಿವಿಯಲ್ಲಿದೆಯೆಂಬ ನೆನಪೇ ಇರುವುದಿಲ್ಲ. ಡಬ್ಬಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾರ್ಜ್ ಆಗುತ್ತದೆ. ಎಷ್ಟು ಜೋರು, ಎಷ್ಟು ಹೊತ್ತು ಎಂದು ನೋಡುವ ಕೆಲಸ ಸಂಪೂರ್ಣವಾಗಿ ಕೇಳುವವನೊಬ್ಬನ ಮೇಲೆ ಬಿದ್ದಿದೆ. ಹದಿನಾಲ್ಕು ವರ್ಷದ ಹೆಗಲಿಗೆ ಅದು ದೊಡ್ಡ ಹೊರೆ. 12ರಿಂದ 35 ವರ್ಷದೊಳಗಿನ ನೂರು ಕೋಟಿಗೂ ಹೆಚ್ಚು ಮಂದಿ ಜೋರು ಸದ್ದಿನಿಂದ ಶ್ರವಣಶಕ್ತಿ ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್ಚರಿಸಿದೆ.

ಮನೆಯಲ್ಲಿ ಮಾಡಬಹುದಾದದ್ದು

ಕಸಿದುಕೊಳ್ಳುವುದು ಪರಿಹಾರವಲ್ಲವೆಂದು ಪೋಷಕರಿಗೆ ಹೇಳುತ್ತೇನೆ. ಕಸಿದದ್ದು ಗೆಳೆಯನ ಮನೆಯಲ್ಲಿ ಸಿಗುತ್ತದೆ. ಅದರ ಬದಲು ಮಗುವಿನ ಪಕ್ಕ ಕುಳಿತು, ಇಯರ್‌ಬಡ್ ಒರೆಸಿ ನಿಮ್ಮ ಕಿವಿಗೆ ಇಟ್ಟುಕೊಂಡು, ಅವನು ಕೇಳುವ ಹಾಡನ್ನು ಅವನು ಇಟ್ಟ ಧ್ವನಿಯಲ್ಲೇ ಕೆಲವು ಸೆಕೆಂಡು ಕೇಳಿ. ಹಾಡೂ ತಿಳಿಯುತ್ತದೆ, ಜೋರೂ ತಿಳಿಯುತ್ತದೆ. ಎರಡನೆಯ ಪರೀಕ್ಷೆ: ಮಗು ಹಾಡು ಕೇಳುತ್ತಿರುವಾಗ ಒಂದು ತೋಳಿನಷ್ಟು ದೂರದಿಂದ ಮಾಮೂಲಿ ದನಿಯಲ್ಲಿ ಮಾತಾಡಿಸಿ. ನೀವು ಕೂಗಬೇಕಾಯಿತೆಂದರೆ ಧ್ವನಿ ಹೆಚ್ಚಾಗಿದೆ. ಧ್ವನಿಯ ಪಟ್ಟಿಯಲ್ಲಿ ನೂರಕ್ಕೆ ಅರವತ್ತು ದಾಟದಿರಲಿ. ಈಚಿನ ಅನೇಕ ಫೋನುಗಳಲ್ಲಿ ಗರಿಷ್ಠ ಧ್ವನಿಗೆ ಮಿತಿ ಹಾಕುವ ಸೌಲಭ್ಯವಿದೆ. ಅದನ್ನು ಮಗುವಿನ ಜೊತೆ ಕೂತು, ಕಾರಣ ಹೇಳಿ ಹಾಕಿ; ಕದ್ದು ಹಾಕಬೇಡಿ.

ವಿದ್ಯಾರ್ಥಿಗಳಿಗೆ ಇನ್ನೆರಡು ಮಾತು. ಬಸ್ಸಿನಲ್ಲಿ, ಸಂತೆಯಲ್ಲಿ ಹೊರಗಿನ ಸದ್ದನ್ನು ಮೀರಿಸಲು ಹಾಡು ಏರಿಸಬೇಡಿ. ಅಲ್ಲಿ ಕೇಳಲೇಬೇಕೆಂದರೆ ಹೊರಗಿನ ಸದ್ದನ್ನು ತಗ್ಗಿಸುವ ಹೆಡ್‌ಸೆಟ್ ಸಹಾಯಕ್ಕೆ ಬರುತ್ತದೆ. ಬಂಗಾಳಿ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ, ಅಮೆರಿಕದ ಪ್ರಾಧ್ಯಾಪಕ ಅಮರ್ ಬೋಸ್ 1978ರಲ್ಲಿ ವಿಮಾನದಲ್ಲಿ ಕುಳಿತಿದ್ದಾಗ ಎಂಜಿನ್ನಿನ ಸದ್ದಿನಿಂದ ಬೇಸತ್ತು ಅದರ ಲೆಕ್ಕ ಹಾಕತೊಡಗಿದರು. ಹೊರಗಿನ ಅಲೆಯ ಏರಿಗೆ ಸರಿಯಾಗಿ ಇಳಿವಿನ ಅಲೆಯೊಂದನ್ನು ಒಳಗೆ ಹುಟ್ಟಿಸಿದರೆ ಎರಡೂ ಸೇರಿ ನಿಶ್ಶಬ್ದವಾಗುತ್ತದೆ. ಆದರೆ ಈ ನಿಶ್ಶಬ್ದ ಕುಳಿತ ಜಾಗದಲ್ಲಿ ಮಾತ್ರ ಒಳ್ಳೆಯದು. ರಸ್ತೆಯಲ್ಲಿ, ಸೈಕಲ್ಲಿನ ಮೇಲೆ, ರೈಲು ಹಳಿಯ ಬಳಿ ಅದು ಪ್ರಾಣಕ್ಕೇ ಎರವಾದೀತು. ಹಿಂದಿನಿಂದ ಬರುವ ಲಾರಿಯನ್ನು ನೋಡಲು ನಮಗೆ ಕಣ್ಣಿಲ್ಲ, ಕಿವಿಯಷ್ಟೇ ಇದೆ. ಮಲಗುವಾಗ ಇಯರ್‌ಬಡ್ ಡಬ್ಬಿಗೆ ಹೋಗಲಿ. ಗಂಟೆಗೊಮ್ಮೆ ಹತ್ತು ನಿಮಿಷ ಕಿವಿಗೆ ಬಿಡುವು ಸಿಗಲಿ. ಗುಂಯ್ ಎಂದರೆ ಮುಚ್ಚಿಡದೆ ಮನೆಯಲ್ಲಿ ಹೇಳಿ.

ನನ್ನ ಮಗಳ ಹತ್ತಿರವೂ ಒಂದು ಜೊತೆ ಇಯರ್‌ಬಡ್ ಇದೆ. ನಾನದನ್ನು ಬೇಡವೆಂದಿಲ್ಲ. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಮಾತ್ರ ಅದು ಡಬ್ಬಿಯಲ್ಲಿರಬೇಕೆಂಬ ಒಪ್ಪಂದವಾಗಿದೆ. ಆ ಹೊತ್ತಿನಲ್ಲಿ ಫೋನಿನ ಹಾಡು ಎಲ್ಲರಿಗೂ ಕೇಳುವಂತೆ ಹೊರಗೆ ಬರುತ್ತದೆ. ಒಂದು ದಿನ ಅವಳ ಹಾಡು, ಒಂದು ದಿನ ನಮ್ಮದು. ಅವಳದು ನನಗೆ ಅರ್ಥವಾಗುವುದು ಅಷ್ಟಕ್ಕಷ್ಟೇ. ಜೋರಾದಾಗ ಒಳಗಿನಿಂದ ನನ್ನಾಕೆ “ಸಣ್ಣಗೆ ಮಾಡ್ರಿ” ಎನ್ನುತ್ತಾಳೆ. ಆ ಮಾತು ಕೇಳಿಸುವಷ್ಟು ಕಿವಿ ನಮ್ಮ ಮಕ್ಕಳಿಗೆ ಎಪ್ಪತ್ತರಲ್ಲೂ ಉಳಿದಿರಲಿ.